ಭತ್ತದ ಖರೀದಿ ಕಲಿಸುವ ಟ್ಯಾಲಿ ಸಿಮ್ಯುಲೇಷನ್ ಕಟ್ಟುವುದು ಹೀಗೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲಿಗೆ ಹೊಸದಾಗಿ ಸೇರಿದ ಗುಮಾಸ್ತರು ಸುಗ್ಗಿಯ ಗಡಿಬಿಡಿಯಲ್ಲಿ, ನಿಜವಾದ ಲೆಕ್ಕದ ಮೇಲೆಯೇ ಕೈ ಪಳಗಿಸಿಕೊಳ್ಳಬೇಕಾಗಿ ಬಂದರೆ ಅವರ ತಪ್ಪಿಗೆ ದಂಡ ತೆರುವವನು ರೈತ. ಅದಕ್ಕೆ ಮೊದಲೇ ಬ್ರೌಸರಿನಲ್ಲಿ ತೆರೆದುಕೊಳ್ಳುವ, ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿಯಂತೆಯೇ ನಡೆದುಕೊಳ್ಳುವ ಅಭ್ಯಾಸವೊಂದನ್ನು, ಅಂದರೆ ಸಿಮ್ಯುಲೇಷನ್ನನ್ನು, ಕೊಡಬಹುದು. ಇಲ್ಲಿ ಒಂದೇ ಒಂದು ಕೆಲಸ, ಅಂದರೆ ಭತ್ತದ ಖರೀದಿ ವೋಚರ್ (ಒಂದು ವ್ಯವಹಾರದ ದಾಖಲೆ) ಹಾಕುವುದನ್ನು ಹಿಡಿದು ಹೇಳಿದ್ದೇವೆ. ಬಳಸಿರುವ ಸಾಧನ, ಪರದೆಯ ಮೇಲಿನ ಕೆಲಸವನ್ನು ರೆಕಾರ್ಡ್ ಮಾಡಿ ಪಾಠವಾಗಿಸುವ ಆರ್ಟಿಕ್ಯುಲೇಟ್ ಸ್ಟೋರಿಲೈನ್ 360. ಅಡೋಬಿ ಕ್ಯಾಪ್ಟಿವೇಟ್ ಇದ್ದರೂ ಕ್ರಮ ಇದೇ, ಗುಂಡಿಗಳ ಹೆಸರು ಬೇರೆ.

ಮೊದಲು ಕಾಟಾ ಚೀಟಿ, ಆಮೇಲೆ ಪರದೆ

ರೆಕಾರ್ಡರ್ ತೆರೆಯುವ ಮುನ್ನ ಒಂದು ಕಾಟಾ ಚೀಟಿ (ತೂಕದ ಚೀಟಿ) ತಯಾರಿಸಿ. ಗುಮಾಸ್ತರ ಕೈಗೆ ಮೊದಲು ಬರುವುದು ಅದೇ. ನಮ್ಮ ಮಾದರಿ ಚೀಟಿಯಲ್ಲಿ ಗ್ರಾಸ್ (ಭತ್ತ ಸಮೇತ ಗಾಡಿಯ ತೂಕ) 14,820 ಕೆಜಿ, ಟೇರ್ (ಖಾಲಿ ಗಾಡಿಯ ತೂಕ) 5,070 ಕೆಜಿ, ನೆಟ್ (ಭತ್ತದ ತೂಕ) 9,750 ಕೆಜಿ. ಈ ಭಾಗದಲ್ಲಿ ಭತ್ತದ ದರ ಕಟ್ಟುವುದು 75 ಕೆಜಿ ಚೀಲಕ್ಕೆ, ಆದ್ದರಿಂದ ಇದು 130 ಚೀಲ. ಅಭ್ಯಾಸಕ್ಕೆ ಚೀಲಕ್ಕೆ 2,000 ರೂಪಾಯಿ ಎಂದಿಟ್ಟುಕೊಂಡರೆ ರೈತನಿಗೆ ಸಲ್ಲಬೇಕಾದದ್ದು 2,60,000 ರೂಪಾಯಿ. ಮಿಲ್ಲಿನ ದಾಸ್ತಾನು ಮಾತ್ರ ಕ್ವಿಂಟಾಲಿನಲ್ಲಿದೆ ಎಂದಿಡಿ. ಆಗ ಪರದೆಯ ಮೇಲೆ ಹೋಗಬೇಕಾದ ಪ್ರಮಾಣ 97.50, ದರ 2,666.67.

ಇನ್ನು ತಪ್ಪು ಉತ್ತರಗಳನ್ನು ಬರೆದಿಡಿ. ಸಿಮ್ಯುಲೇಷನ್ನಿನ ಜೀವ ಇರುವುದು ಇಲ್ಲಿಯೇ. ಪರದೆಯ ಚಿತ್ರ ಎಷ್ಟು ಚೆಂದ ಇದ್ದರೂ ತಪ್ಪುವ ದಾರಿ ಇಲ್ಲದಿದ್ದರೆ ಅದು ಬರೀ ವಿಡಿಯೊ. ಪ್ರಮಾಣದ ಜಾಗದಲ್ಲಿ 9,750 ಬಂದರೆ ಕೆಜಿಯನ್ನು ಹಾಗೇ ಬರೆದಿದ್ದಾರೆ. 130 ಬಂದರೆ ಚೀಲ ಬರೆದಿದ್ದಾರೆ. 148.20 ಬಂದರೆ ಟೇರ್ ಕಳೆಯುವುದನ್ನು ಮರೆತಿದ್ದಾರೆ. ಎಲ್ಲಕ್ಕಿಂತ ಅಪಾಯಕಾರಿ ತಪ್ಪು ದರದ್ದು: ಪ್ರಮಾಣ ಸರಿಯಾಗಿ 97.50 ಹಾಕಿ, ಚೀಲದ ದರ 2,000 ಅನ್ನು ಹಾಗೇ ಬಿಟ್ಟರೆ ಮೊತ್ತ 1,95,000 ಆಗುತ್ತದೆ. ರೈತನಿಗೆ 65,000 ರೂಪಾಯಿ ಖೋತಾ, ಆದರೂ ಟ್ಯಾಲಿ ಒಂದು ಮಾತೂ ಆಡದೆ ವೋಚರನ್ನು ಸ್ವೀಕರಿಸುತ್ತದೆ. ನಿಮ್ಮ ಸಿಮ್ಯುಲೇಷನ್ನೂ ಆ ಗಳಿಗೆಯಲ್ಲಿ ತಡೆಯಬಾರದು. ವೋಚರ್ ಉಳಿಯಲಿ, ಮುಂದಿನ ಪರದೆಯಲ್ಲಿ ಚೀಟಿ ಹಿಡಿದ ರೈತ ಕಡಿಮೆ ಬಿದ್ದ ಹಣ ಕೇಳಲಿ, ಗುಮಾಸ್ತರೇ ಹಿಂದೆ ಹೋಗಿ ತಿದ್ದಲಿ.

ಇನ್ನೊಂದು ಬಲೆ ಹೆಸರಿನದು. ಲೆಡ್ಜರ್ (ಖಾತೆ) ಪಟ್ಟಿಯಲ್ಲಿ ‘ಬಸವರಾಜ – ಮರಳಿ’, ‘ಬಸವರಾಜ – ಸಿದ್ದಾಪುರ’ ಎಂದು ಎರಡು ಹೆಸರು ಅಕ್ಕಪಕ್ಕ ಇಡಿ. ಹೆಸರುಗಳು ಕಲ್ಪಿತವೇ ಆಗಿರಲಿ. ನಿಜವಾದ ಮಿಲ್ಲಿನ ಡೇಟಾ ತೆರೆದು ರೆಕಾರ್ಡ್ ಮಾಡಿದರೆ ರೈತರ ಬಾಕಿ, ಬ್ಯಾಂಕ್ ಖಾತೆ ಎಲ್ಲ ಚಿತ್ರದೊಳಗೆ ಸಿಕ್ಕಿಬೀಳುತ್ತವೆ.

ರೆಕಾರ್ಡಿಂಗ್

ಕಲಿಯುವವರಿಗೆಂದು ಇರುವ ಟ್ಯಾಲಿಯ ಎಜುಕೇಷನಲ್ ಮೋಡ್ ಈ ಕೆಲಸಕ್ಕೆ ಸಾಕು. ಆದರೆ ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಲು ಬರುತ್ತದೆ. ಚೀಟಿಗೆ 14ನೇ ತಾರೀಖು ಮುದ್ರಿಸಿ ಆಮೇಲೆ ಪೇಚಾಡುವ ಬದಲು ಮೊದಲೇ 1 ಅಥವಾ 2 ಎಂದು ಹಾಕಿ.

ವಿಂಡೋಸ್‌ನ ಡಿಸ್‌ಪ್ಲೇ ಸ್ಕೇಲಿಂಗ್ 100% ಇರಲಿ. 125% ಇದ್ದರೆ ಅಕ್ಷರ ಮಸುಕಾಗಿ ಬರುವ, ಕ್ಲಿಕ್ಕಿನ ಜಾಗ ಸರಿದುಹೋಗುವ ತೊಂದರೆ ಎದುರಾಗುತ್ತದೆ. ರೆಸಲ್ಯೂಷನ್ 1280×720 ಇಡಿ. ಸಂಸ್ಥೆಗಳ ಹಳೆಯ ಕಂಪ್ಯೂಟರುಗಳ ಪರದೆ ಬಹುಮಟ್ಟಿಗೆ 1366×768. ಬ್ರೌಸರಿನ ಪಟ್ಟಿಗಳೇ ಮೇಲೆ ನೂರು ಪಿಕ್ಸೆಲ್ಲಿಗಿಂತ ಹೆಚ್ಚು ತಿನ್ನುವುದರಿಂದ ಚಿತ್ರ ಕುಗ್ಗುತ್ತದೆ, 6 ಮತ್ತು 8 ಒಂದೇ ಥರ ಕಾಣತೊಡಗುತ್ತವೆ. ಅದಕ್ಕೆ ಮೊದಲ ಪರದೆಯಲ್ಲೇ ‘ಪೂರ್ಣ ಪರದೆಯಲ್ಲಿ ಶುರು ಮಾಡಿ’ ಎಂಬ ಗುಂಡಿ ಕೊಡಿ. ಪ್ರಕಟಿಸುವಾಗ ಚಿತ್ರದ ಗುಣಮಟ್ಟ ಇಳಿಸಬೇಡಿ. ಅಂಕಿಯ ಅಂಚು ಕದಡುವುದು ಆಗಲೇ.

ಕಂಪನಿಯ ಡೇಟಾ ಫೋಲ್ಡರಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ತಾಲೀಮಿಗೆಂದು ಒಂದು ವೋಚರ್ ಉಳಿಸಿದರೂ ಮುಂದಿನದರ ಸಂಖ್ಯೆ 2 ಆಗುತ್ತದೆ, ಪಾರ್ಟಿಯ (ಇಲ್ಲಿ ಭತ್ತ ಮಾರಿದ ರೈತನ) ಬಾಕಿ ಬದಲಾಗುತ್ತದೆ. ಅರ್ಧ ಪರದೆಗಳಲ್ಲಿ 1, ಇನ್ನರ್ಧದಲ್ಲಿ 2 ಕಂಡರೆ ಕಲಿಯುವವರು ಅಲ್ಲೇ ತಬ್ಬಿಬ್ಬಾಗುತ್ತಾರೆ. ಪ್ರತಿ ಸಲ ಹಳೆಯ ಪ್ರತಿಯನ್ನು ಮರಳಿಸಿಯೇ ಶುರು ಮಾಡಿ.

ಈಗ ಒಂದೇ ಉಸಿರಿಗೆ ರೆಕಾರ್ಡ್ ಮಾಡಿ: ವೋಚರ್ ಪರದೆಯಲ್ಲಿ ಖರೀದಿಗೆ ಎಫ್9, ಸಪ್ಲೈಯರ್ ಇನ್‌ವಾಯ್ಸ್ ನಂಬರ್, ಪಾರ್ಟಿ, ಪರ್ಚೇಸ್ ಲೆಡ್ಜರ್, ಐಟಂ, ಪ್ರಮಾಣ, ದರ, ವಿವರಣೆ, ಕೊನೆಗೆ ಉಳಿಸಲು ಕಂಟ್ರೋಲ್+ಎ. ಒಂದೊಂದು ಜಾಗಕ್ಕೂ ನಿಧಾನವಾಗಿ ಹೋಗಿ, ಪಟ್ಟಿ ತೆರೆದಾಗ ಒಂದು ಕ್ಷಣ ನಿಲ್ಲಿ. ಸ್ಟೋರಿಲೈನ್ ಇದೇ ರೆಕಾರ್ಡಿಂಗನ್ನು ಹಂತ ಹಂತದ ಸ್ಲೈಡುಗಳಾಗಿ ಮೂರು ರೂಪದಲ್ಲಿ ಕೊಡುತ್ತದೆ: ನೋಡುವುದು, ಸುಳಿವಿನೊಂದಿಗೆ ಮಾಡುವುದು, ಸುಳಿವಿಲ್ಲದ ಪರೀಕ್ಷೆ. ಮೂರನ್ನೂ ತೆಗೆದುಕೊಳ್ಳಿ. ತಪ್ಪು ದಾರಿಗಳ ಪರದೆಗಳನ್ನು, ಅಂದರೆ 1,95,000 ತೋರಿಸುವ ವೋಚರನ್ನು, ಬೇರೆಯಾಗಿ ಸೆರೆಹಿಡಿಯಬೇಕು.

ಕೀಬೋರ್ಡಿನ ಜಗಳ

ಟ್ಯಾಲಿ ನಡೆಯುವುದು ಕೀಲಿಗಳ ಮೇಲೆ, ಬ್ರೌಸರಿಗೂ ಅವೇ ಕೀಲಿಗಳು ಬೇಕು. ಟ್ಯಾಲಿಯಲ್ಲಿ ಎಫ್5 ಅಂದರೆ ಪೇಮೆಂಟ್, ಬ್ರೌಸರಿನಲ್ಲಿ ಪುಟ ಮರುಲೋಡ್. ಬ್ರೌಸರಿನಲ್ಲೇ ಎಫ್11 ಪೂರ್ಣ ಪರದೆ, ಎಫ್12 ಡೆವಲಪರ್ ಕಿಟಕಿ, ಕಂಟ್ರೋಲ್+ಎ ಎಲ್ಲವನ್ನೂ ಆಯ್ದುಕೊಳ್ಳುತ್ತದೆ. ಖರೀದಿಯ ನಡುವೆ ಯಾರಾದರೂ ಎಫ್5 ಒತ್ತಿದರೆ ಪಾಠ ಮೊದಲಿಗೆ ಹೋಗಿಬಿಡುತ್ತದೆ. ಪರಿಹಾರಕ್ಕೆ ಕೋರ್ಸಿನ ಆರಂಭದಲ್ಲಿ ಚಿಕ್ಕ ಜಾವಾಸ್ಕ್ರಿಪ್ಟ್ ಸೇರಿಸಿ, ಕೀಲಿ ಒತ್ತಿದ ಕ್ಷಣದಲ್ಲೇ (ಕೀಡೌನ್) ಈ ಕೀಲಿಗಳ ಬ್ರೌಸರ್ ವರ್ತನೆಯನ್ನು ಪ್ರಿವೆಂಟ್‌ಡಿಫಾಲ್ಟ್ ಎಂಬ ಆದೇಶದ ಮೂಲಕ ತಡೆಯಿರಿ. ಇದಕ್ಕೆ ಮಿತಿಯಿದೆ. ಕ್ರೋಮ್‌ನಲ್ಲಿ ಸಾಮಾನ್ಯ ಟ್ಯಾಬಿನೊಳಗೆ ಕಂಟ್ರೋಲ್+ಎನ್, ಕಂಟ್ರೋಲ್+ಟಿ, ಕಂಟ್ರೋಲ್+ಡಬ್ಲ್ಯು ತಡೆಯಲು ಬರುವುದಿಲ್ಲ. ಟ್ಯಾಲಿಯ ಕ್ಯಾಲ್ಕುಲೇಟರ್ ಕಂಟ್ರೋಲ್+ಎನ್‌ನಲ್ಲಿದೆ, ಆದ್ದರಿಂದ ಅದನ್ನು ಅಭ್ಯಾಸದಿಂದ ಬಿಟ್ಟು, ಪರದೆಯಲ್ಲಿ ಒತ್ತುವ ಗುಂಡಿಯಾಗಿ ಕೊಡಿ.

ಮೂಡಲ್‌ನಂಥ ಕಲಿಕಾ ವ್ಯವಸ್ಥೆಯಲ್ಲಿ ಕೋರ್ಸು ಪುಟದೊಳಗಿನ ಪುಟವಾಗಿ ತೆರೆಯುವುದುಂಟು. ಕಲಿಯುವವರು ಒಮ್ಮೆಯಾದರೂ ಒಳಗೆ ಕ್ಲಿಕ್ ಮಾಡುವವರೆಗೆ ಕೀಲಿಗಳು ಹೊರಗಿನ ಪುಟಕ್ಕೇ ಹೋಗುತ್ತವೆ, ನಿಮ್ಮ ಸ್ಕ್ರಿಪ್ಟಿಗೆ ಕೇಳಿಸುವುದೇ ಇಲ್ಲ. ಮೇಲೆ ಹೇಳಿದ ‘ಶುರು ಮಾಡಿ’ ಗುಂಡಿ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಇನ್ನು ಹಲವು ಲ್ಯಾಪ್‌ಟಾಪುಗಳಲ್ಲಿ ಎಫ್9 ಬರೀ ಒತ್ತಿದರೆ ಬೆಳಕೋ ಧ್ವನಿಯೋ ಬದಲಾಗುತ್ತದೆ, ಎಫ್‌ಎನ್ ಜೊತೆ ಒತ್ತಬೇಕು. ಸುಳಿವಿನಲ್ಲಿ ಇದನ್ನು ಹೇಳದಿದ್ದರೆ ತಪ್ಪು ತಮ್ಮದೇ ಎಂದು ಕಲಿಯುವವರು ಕೈಬಿಡುತ್ತಾರೆ.

ಉತ್ತರ ತಾಳೆ ನೋಡುವುದು

ರೆಕಾರ್ಡರ್ ನೀವು ಟೈಪ್ ಮಾಡಿದ ಒಂದೇ ಅಕ್ಷರಸಾಲನ್ನು ಸರಿ ಎಂದು ಹಿಡಿಯುತ್ತದೆ. 97.5, 97.50 ಎರಡೂ ಸರಿಯಾಗಬೇಕು, 2666.67, 2,666.67 ಎರಡೂ. ಅಲ್ಪವಿರಾಮ ತೆಗೆದು, ಕನ್ನಡ ಅಂಕಿ ಬಂದರೆ ಬದಲಿಸಿ, ಸಂಖ್ಯೆಯಾಗಿ ಹೋಲಿಸಿ. 2,666.67ರಿಂದ ಗುಣಿಸಿದರೆ 2,60,000.33 ಬರುತ್ತದೆ, 2,666.66ರಿಂದ 2,59,999.35. ಆದ್ದರಿಂದ ಮೊತ್ತದಲ್ಲಿ 1 ರೂಪಾಯಿವರೆಗಿನ ವ್ಯತ್ಯಾಸ ಒಪ್ಪಿ. ದರವನ್ನು 2,666.7 ಎಂದರೆ 3 ರೂಪಾಯಿ 25 ಪೈಸೆ ಹೆಚ್ಚಾಗುತ್ತದೆ; ಎರಡು ದಶಮಾಂಶ ಬರೆಯಲು ಅಲ್ಲಿ ತಿಳಿಸಿ.

ಕನ್ನಡದಲ್ಲಿ ಬರೆಯಿಸುವುದಾದರೆ ಇನ್ನೊಂದು ತೊಡಕು. ‘ಕೊಪ್ಪಳ’ದ ‘ಕೊ’ ಯೂನಿಕೋಡಿನಲ್ಲಿ ಒಂದೇ ಸ್ವರಚಿಹ್ನೆಯಾಗಿಯೂ ಇರಬಹುದು, ಎತ್ವ ಮತ್ತು ಊತ್ವ ಚಿಹ್ನೆಗಳು ಸೇರಿಯೂ ಇರಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಎರಡೂ ಕಡೆಯ ಪಠ್ಯವನ್ನು ಎನ್‌ಎಫ್‌ಸಿ ಎಂಬ ಜೋಡಿಸಿದ ರೂಪಕ್ಕೆ ತಂದು, ಕಾಣದ ಜೋಡಣೆಯ ಚಿಹ್ನೆಗಳನ್ನು ತೆಗೆದು ಹೋಲಿಸಿ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಸಾಮಗ್ರಿ ಇದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಇಲ್ಲದಿದ್ದರೆ ಬ್ರೌಸರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ.

ತಪ್ಪಿನ ಸಂದೇಶದಲ್ಲಿ ಬರೀ ‘ತಪ್ಪು, ಮತ್ತೆ ಪ್ರಯತ್ನಿಸಿ’ ಎನ್ನಬೇಡಿ. ‘ನೀವು ಬರೆದ 130 ಚೀಲದ ಲೆಕ್ಕ. ಇಲ್ಲಿ ಕ್ವಿಂಟಾಲ್ ಬೇಕು. ಚೀಟಿಯ ನೆಟ್ ತೂಕ ನೋಡಿರಿ’ ಎನ್ನಿ. ಪರೀಕ್ಷೆಯಲ್ಲಿ ಪ್ರತಿ ಕ್ಲಿಕ್ಕಿಗೂ ಸಮ ಅಂಕ ಕೊಡುವುದು ಅನ್ಯಾಯ. ಎಫ್9 ಒತ್ತುವುದೂ ದರ ಲೆಕ್ಕ ಹಾಕುವುದೂ ಒಂದೇ ತೂಕದ ಕೆಲಸವಲ್ಲ. ಪಾರ್ಟಿ, ಪ್ರಮಾಣ, ದರ ಈ ಮೂರಕ್ಕೆ ಮಾತ್ರ ಅಂಕ ಇಡಿ.

ಪ್ರಕಟಣೆ, ಪರೀಕ್ಷೆ

ಸ್ಕಾರ್ಮ್ 1.2 (ಕಲಿಕಾ ವ್ಯವಸ್ಥೆಗಳು ಓದಬಲ್ಲ ಕೋರ್ಸಿನ ಮಾನಕ) ಆಗಿ ಪ್ರಕಟಿಸಿದರೆ ಹೆಚ್ಚಿನ ವ್ಯವಸ್ಥೆಗಳು ಒಪ್ಪುತ್ತವೆ. ಅದರಲ್ಲಿ ಕಲಿಯುವವರು ಎಲ್ಲಿ ನಿಲ್ಲಿಸಿದರೆಂದು ನೆನಪಿಡುವ ಜಾಗ 4,096 ಅಕ್ಷರ ಮಾತ್ರ. ಹತ್ತು ವೋಚರುಗಳನ್ನು ಒಂದೇ ಕೋರ್ಸಿಗೆ ತುಂಬಿದರೆ ಈ ಮಿತಿ ದಾಟಿ, ಮರಳಿ ಬಂದವರು ತಪ್ಪು ಜಾಗದಲ್ಲಿ ಇಳಿಯಬಹುದು. ಒಂದು ಕೆಲಸಕ್ಕೆ ಒಂದು ಕೋರ್ಸು ಮಾಡಿ. ಜಿಪ್ ತೆರೆದೊಡನೆ ಐಎಂಎಸ್‌ಮ್ಯಾನಿಫೆಸ್ಟ್ ಎಂಬ, ಕೋರ್ಸಿನ ವಿವರಪಟ್ಟಿಯ ಕಡತ ಕಾಣಬೇಕು. ಫೋಲ್ಡರಿನ ಸಮೇತ ಜಿಪ್ ಮಾಡಿದರೆ ಅದು ಒಂದು ಹಂತ ಒಳಗೆ ಹೋಗಿ ಅಪ್‌ಲೋಡ್ ವಿಫಲವಾಗುತ್ತದೆ.

ಕೊನೆಗೆ ಟ್ಯಾಲಿ ಮುಟ್ಟದ ಮೂವರನ್ನು, ಮಿಲ್ಲಿನಲ್ಲಿ ದಿನವೂ ವೋಚರ್ ಹಾಕುವ ಇಬ್ಬರನ್ನು ಕೂರಿಸಿ, ಚೀಟಿ ಕೈಗೆ ಕೊಟ್ಟು, ಬಾಯಿ ಬಿಡದೆ ನೋಡಿ. ಹೊಸಬರು ಎಲ್ಲಿ ನಿಂತರು ಎಂಬುದಕ್ಕಿಂತ ಹಳಬರ ಬೆರಳು ಯಾವ ಕೀಲಿಗೆ ತಾನಾಗಿ ಹೋಯಿತು ಎಂಬುದನ್ನು ಬರೆದುಕೊಳ್ಳಿ. ಅವರು ಒತ್ತಿದ ಕೀಲಿಗೆ ನಿಮ್ಮ ಪರದೆ ಸುಮ್ಮನೆ ಕೂತಿದ್ದರೆ ಆ ದಾರಿಯನ್ನು ಸೇರಿಸಿ, ಮತ್ತೆ ಅವರನ್ನೇ ಕೂರಿಸಿ.