ಎರಡು ಆಕ್ಟರ್, ಒಂದು ವರ್ಗಾವಣೆ: ಲಾಕ್ ಇಲ್ಲದೆ ಹೊಂದಿಸುವುದು ಹೇಗೆ?

ಒಂದು ಖಾತೆಯಿಂದ 500 ರೂಪಾಯಿ ಕಳೆಯಬೇಕು, ಇನ್ನೊಂದಕ್ಕೆ ಕೂಡಿಸಬೇಕು. ಸಾಮಾನ್ಯ ಪ್ರೋಗ್ರಾಮ್‌ನಲ್ಲಿ ಇದು ಎರಡು ಸಾಲು. ಆದರೆ ಎರಡೂ ಖಾತೆಗಳು ಬೇರೆ ಬೇರೆ ಆಕ್ಟರ್‌ಗಳಾಗಿದ್ದರೆ ಲೆಕ್ಕ ಬೇರೆ. ಕಳೆದಾಯಿತು, ಕೂಡಿಸುವ ಮೊದಲೇ ಎರಡನೆಯ ಮಷಿನ್ ಕೈಕೊಟ್ಟಿತು ಅಂದುಕೊಳ್ಳಿ. ದುಡ್ಡು ಎಲ್ಲಿ ಹೋಯಿತು?

ಆಕ್ಟರ್ ಅಂದರೆ ತನ್ನದೇ ಮೇಲ್‌ಬಾಕ್ಸ್ ಇರುವ ಆಬ್ಜೆಕ್ಟ್. ಅದರೊಳಗಿನ ಡೇಟಾವನ್ನು ಹೊರಗಿನವರು ಮುಟ್ಟುವಂತಿಲ್ಲ, ಏನಿದ್ದರೂ ಮೆಸೇಜ್ ಕಳಿಸಬೇಕು. ಬಂದ ಮೆಸೇಜ್‌ಗಳನ್ನು ಅದು ಒಂದಾದ ಮೇಲೆ ಒಂದರಂತೆ ತೆಗೆದು ನೋಡುತ್ತದೆ. ಎಂಐಟಿಯ ಕಾರ್ಲ್ ಹೆವಿಟ್ ಮತ್ತು ಸಂಗಡಿಗರು 1973ರಲ್ಲಿ ಮುಂದಿಟ್ಟ ಮಾದರಿ ಇದು. ಎರಿಕ್ಸನ್ ಕಂಪನಿಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ಹುಟ್ಟಿದ ಎರ್ಲಾಂಗ್ ಭಾಷೆಯೂ ಹೀಗೇ ಕೆಲಸ ಮಾಡುತ್ತದೆ. ಅಲ್ಲಿ ಆಕ್ಟರ್‌ಗೆ ಪ್ರೊಸೆಸ್ ಎನ್ನುತ್ತಾರೆ, ಅಷ್ಟೇ. ಜಾವಾ, ಸ್ಕಾಲಾ ಬಳಸುವವರಿಗೆ 2009ರಿಂದ ಅಕ್ಕ ಎಂಬ ಲೈಬ್ರರಿ ಇದೆ. (ಹೌದು, ಹೆಸರು ಅಕ್ಕ!)

ಒಂದೇ ಆಕ್ಟರ್ ಆದರೆ ಲಾಕ್, ಅಂದರೆ ಒಬ್ಬರು ಡೇಟಾ ಬಳಸುವಾಗ ಉಳಿದವರನ್ನು ಹೊರಗೆ ನಿಲ್ಲಿಸುವ ಬೀಗ, ಬೇಕಿಲ್ಲ. ಎರಡು, ಮೂರು ಸೇರಿ ಒಂದು ಕೆಲಸ ಮುಗಿಸಬೇಕಾದಾಗಲೇ ತಲೆನೋವು.

ಹಂತ 1: ಹೊಂದಿಸುವುದು ನಿಜಕ್ಕೂ ಬೇಕಾ?

ಒಂದು ಆಕ್ಟರ್ ಇನ್ನೊಂದಕ್ಕೆ ಎರಡು ಮೆಸೇಜ್ ಕಳಿಸಿ, ಎರಡೂ ತಲುಪಿದರೆ, ಎರ್ಲಾಂಗ್ ಮತ್ತು ಅಕ್ಕ ಎರಡರಲ್ಲೂ ಅವು ಕಳಿಸಿದ ಕ್ರಮದಲ್ಲೇ ತಲುಪುತ್ತವೆ. ಅಷ್ಟೇ ಸಾಕಿದ್ದರೆ ಮುಂದೆ ಓದಬೇಕಿಲ್ಲ. ಆದರೆ ಮೂರನೆಯ ಆಕ್ಟರ್ ಮೂಲಕ ಸುತ್ತಿ ಬರುವ ಮೆಸೇಜ್‌ಗೆ ಈ ಭರವಸೆ ಇಲ್ಲ.

ಹಂತ 2: ಖಾತೆಯನ್ನು ಕಾಯಿಸಬೇಡಿ

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಒಂದೇ. ಖಾತೆ ‘ಅ’ ನೇರವಾಗಿ ಖಾತೆ ‘ಆ’ಗೆ ‘ಕೂಡಿಸು’ ಎಂದು ಹೇಳಿ, ಉತ್ತರ ಬರುವವರೆಗೆ ಸುಮ್ನೆ ಕಾಯುವುದು. ಅದೇ ಹೊತ್ತಿಗೆ ‘ಆ’ ಕೂಡ ಇನ್ನೊಂದು ವರ್ಗಾವಣೆಗಾಗಿ ‘ಅ’ಗೆ ಮೆಸೇಜ್ ಕಳಿಸಿ ಕಾಯುತ್ತಿದ್ದರೆ? ಕಾಯುತ್ತಿರುವವರು ಮೇಲ್‌ಬಾಕ್ಸ್ ತೆರೆಯುವುದಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಸಿಕ್ಕಿಹಾಕಿಕೊಂಡರು. ಇದನ್ನೇ ಡೆಡ್‌ಲಾಕ್ ಎನ್ನುತ್ತಾರೆ. ಎರ್ಲಾಂಗ್‌ನ ಜೆನ್ ಸರ್ವರ್ ಎಂಬ ಸಿದ್ಧ ಚೌಕಟ್ಟಿನಲ್ಲಿ, ನಾವು ಬೇರೆ ಹೇಳದಿದ್ದರೆ, ಇಂಥ ಕರೆಗೆ 5 ಸೆಕೆಂಡ್ ಗಡುವು ಇದೆ. ಗಡುವು ಮೀರಿದರೆ, ಬೇರೆ ಏರ್ಪಾಡು ಮಾಡಿರದಿದ್ದರೆ, ಕರೆದ ಪ್ರೊಸೆಸ್ಸೇ ಬಿದ್ದುಹೋಗುತ್ತದೆ. ಲಾಕ್ ಇಲ್ಲ ಎಂದ ಮಾತ್ರಕ್ಕೆ ಡೆಡ್‌ಲಾಕ್ ಇಲ್ಲ ಎಂದಲ್ಲ.

ಸ್ವಿಫ್ಟ್ ಭಾಷೆಯ ಆಕ್ಟರ್‌ಗಳಲ್ಲಿ ತೊಂದರೆ ಉಲ್ಟಾ. ಅಲ್ಲಿ ಒಂದು ಕೆಲಸ ಉತ್ತರಕ್ಕಾಗಿ ನಿಂತಾಗ ಇನ್ನೊಂದು ಒಳಗೆ ನುಗ್ಗಬಹುದು. ಹೀಗಾಗಿ ಡೆಡ್‌ಲಾಕ್ ಕಡಿಮೆ. ಆದರೆ ನೀವು ಬ್ಯಾಲೆನ್ಸ್ ನೋಡಿ, ಕಾದು, ಮತ್ತೆ ಶುರು ಮಾಡುವಷ್ಟರಲ್ಲಿ ಅದು ಬದಲಾಗಿರಬಹುದು. ಕಾದ ಮೇಲೆ ಮತ್ತೊಮ್ಮೆ ನೋಡಲೇಬೇಕು.

ಹಂತ 3: ಕಾಯುವುದಕ್ಕೆಂದೇ ಒಂದು ಆಕ್ಟರ್

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ಪ್ರತಿ ವರ್ಗಾವಣೆಗೂ ಒಂದು ಹೊಸ ಆಕ್ಟರ್ ಹುಟ್ಟಿಸಿ. ಅದನ್ನು ಸಂಯೋಜಕ ಅನ್ನೋಣ. ಯಾರ ಉತ್ತರ ಬಂತು, ಯಾರದು ಬಾಕಿ ಎಂದು ನೆನಪಿಡುವುದಷ್ಟೇ ಅದರ ಕೆಲಸ. ಅದು ಕಾಯುತ್ತಾ ಕೂತರೆ ಯಾರಿಗೂ ನಷ್ಟವಿಲ್ಲ, ಖಾತೆಗಳು ತಮ್ಮ ಪಾಡಿಗೆ ಬೇರೆ ಗ್ರಾಹಕರ ಮೆಸೇಜ್ ನೋಡುತ್ತಿರುತ್ತವೆ. ‘ಇಷ್ಟೊಂದು ಆಕ್ಟರ್ ಮಾಡಿದರೆ ಭಾರವಾಗಲ್ವಾ’ ಎಂಬ ಹೆದರಿಕೆ ಬೇಡ. ಎರ್ಲಾಂಗ್‌ನಲ್ಲಿ ಒಂದೇ ಮಷಿನ್ ಲಕ್ಷಗಟ್ಟಲೆ ಪ್ರೊಸೆಸ್‌ಗಳನ್ನು ಆರಾಮಾಗಿ ಹೊರುತ್ತದೆ.

ಹಂತ 4: ಮೊದಲು ತಡೆಹಿಡಿ, ಆಮೇಲೆ ಕಳೆ

ಷೇರು ಮಾರುಕಟ್ಟೆಯ ಐಪಿಒಗೆ ಅರ್ಜಿ ಹಾಕಿದವರಿಗೆ ಇದು ಗೊತ್ತು. ದುಡ್ಡು ಖಾತೆಯಲ್ಲೇ ಇರುತ್ತದೆ, ಆದರೆ ಬ್ಲಾಕ್ ಆಗಿರುತ್ತದೆ. ಷೇರು ಸಿಕ್ಕರೆ ಕಳೆಯುತ್ತಾರೆ, ಇಲ್ಲದಿದ್ದರೆ ಬಿಡುತ್ತಾರೆ. ನಮ್ಮ ಸಂಯೋಜಕವೂ ಹಾಗೇ ‘ಅ’ಗೆ ‘500 ತಡೆಹಿಡಿ’, ‘ಆ’ಗೆ ‘500 ತಗೊಳ್ಳಲು ಸಿದ್ಧವಾ?’ ಎಂದು ಒಟ್ಟಿಗೇ ಕೇಳುತ್ತದೆ. ಇಬ್ಬರೂ ಹೂಂ ಅಂದರೆ ‘ಖಚಿತ’, ಒಬ್ಬರು ಇಲ್ಲ ಅಂದರೂ ‘ಬಿಟ್ಟುಬಿಡು’. ಡೇಟಾಬೇಸ್ ಲೋಕದಲ್ಲಿ ಇದಕ್ಕೆ ಟೂ ಫೇಸ್ ಕಮಿಟ್ ಎಂದು ಹೆಸರು. ಡೇಟಾಬೇಸ್ ತಜ್ಞ ಜಿಮ್ ಗ್ರೇ 1978ರಲ್ಲೇ ಇದನ್ನು ವಿವರಿಸಿದ್ದರು.

‘ಅ’ನಲ್ಲಿ 800 ಇದೆ, 500 ತಡೆಹಿಡಿದಿದೆ ಅಂದರೆ ಕೈಗೆ ಸಿಗುವುದು 300. ಆಗ ಇನ್ನೊಬ್ಬರು 400 ಕೇಳಿದರೆ ಖಾತೆ ತಕ್ಷಣ ‘ಇಲ್ಲ’ ಎನ್ನಬೇಕು. ದುಡ್ಡು ಬಿಡುಗಡೆಯಾಗಲಿ ಎಂದು ಅವರನ್ನು ಸಾಲಿನಲ್ಲಿ ನಿಲ್ಲಿಸಬಾರದು. ತಕ್ಷಣ ‘ಇಲ್ಲ’ ಎಂದುಬಿಟ್ಟರೆ ಒಬ್ಬರು ಹಿಡಿದದ್ದಕ್ಕೆ ಇನ್ನೊಬ್ಬರು ಕಾಯುವ ಸರಪಳಿಯೇ ಇರುವುದಿಲ್ಲ. ಸರಪಳಿ ಇಲ್ಲದಿದ್ದರೆ ಡೆಡ್‌ಲಾಕ್ ಎಲ್ಲಿಂದ?

ಹಂತ 5: ನಂಬರ್ ಕೊಡಿ

ಪ್ರತಿ ವರ್ಗಾವಣೆಗೂ ಒಂದು ವಿಶಿಷ್ಟ ನಂಬರ್ ಇರಲಿ, ಪ್ರತಿ ಮೆಸೇಜ್‌ನಲ್ಲೂ ಅದು ಹೋಗಲಿ. ನೆಟ್‌ವರ್ಕ್‌ನಲ್ಲಿ ಮೆಸೇಜ್ ಕಳೆದುಹೋಗಬಹುದು, ಆಗ ಮತ್ತೆ ಕಳಿಸುತ್ತೀರಿ. ಕಳೆದುಹೋಗಿದ್ದು ಉತ್ತರವಾಗಿದ್ದರೆ, ಖಾತೆಗೆ ಅದೇ ‘ಖಚಿತ’ ಎರಡು ಸಲ ಬಂದಂತಾಯಿತು. ಎರಡನೆಯ ಸಲ ಅದು ಮತ್ತೆ 500 ಕಳೆಯಬಾರದು. ‘ಆಗಲೇ ಆಯಿತು’ ಎಂದು ಉತ್ತರಿಸಿದರೆ ಸಾಕು.

ಹಂತ 6: ಗಡುವು, ಆದರೆ ಹುಷಾರಾಗಿ

ಉತ್ತರ ಬಾರದಿದ್ದರೆ ಏನು? ತೀರ್ಮಾನಕ್ಕೆ ಮೊದಲಾದರೆ ಸುಲಭ. ಟೈಮರ್ ಮುಗಿದ ಕೂಡಲೇ ರದ್ದು ಎಂದು ತೀರ್ಮಾನಿಸಿ ‘ಬಿಟ್ಟುಬಿಡು’ ಕಳಿಸಿ. ಆದರೆ ಒಬ್ಬರಿಗೆ ‘ಖಚಿತ’ ಹೋದ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ಇನ್ನೊಬ್ಬರು ಒಪ್ಪಿಕೊಳ್ಳುವವರೆಗೆ ಕಳಿಸುತ್ತಲೇ ಇರಬೇಕು. ಅದಕ್ಕೇ ಸಂಯೋಜಕ ‘ಖಚಿತ’ ಹೇಳುವ ಮೊದಲು ತನ್ನ ತೀರ್ಮಾನವನ್ನು ಡಿಸ್ಕ್‌ಗೆ ಬರೆದಿಡಬೇಕು. ಬಿದ್ದು ಎದ್ದರೂ ಅಲ್ಲಿಂದ ಮುಂದುವರಿಯಬಹುದು. ಖಾತೆಗಳೂ ಅಷ್ಟೇ, ತಡೆಹಿಡಿದ ಲೆಕ್ಕವನ್ನು ಡಿಸ್ಕ್‌ಗೆ ಬರೆದ ಮೇಲೆಯೇ ಹೂಂ ಅನ್ನಬೇಕು. ಹೂಂ ಅಂದ ಮೇಲೆ ಸ್ವಂತ ನಿರ್ಧಾರದಿಂದ ಅದನ್ನು ಬಿಡುವಂತಿಲ್ಲ. ಸಂಯೋಜಕ ಏಳುವುದು ತಡವಾದರೆ ದುಡ್ಡು ಅಷ್ಟು ಹೊತ್ತು ಸಿಕ್ಕಿಹಾಕಿಕೊಂಡಿರುತ್ತದೆ. ಈ ವಿಧಾನದ ದೊಡ್ಡ ಕೊರತೆ ಇದು.

ಕೆಲಸ ಗಂಟೆಗಟ್ಟಲೆ ಎಳೆಯುವಂಥದ್ದಾದರೆ 1987ರಲ್ಲಿ ಹೆಕ್ಟರ್ ಗಾರ್ಸಿಯಾ ಮೊಲಿನಾ ಮತ್ತು ಕೆನೆತ್ ಸೇಲಂ ಸೂಚಿಸಿದ ಸಾಗಾ ವಿಧಾನ ವಾಸಿ. ಅಲ್ಲಿ ಏನನ್ನೂ ತಡೆಹಿಡಿದಿಡುವುದಿಲ್ಲ. ಒಂದೊಂದೇ ಹೆಜ್ಜೆ ಪೂರ್ತಿ ಮುಗಿಸುತ್ತಾರೆ, ನಡುವೆ ಕೆಟ್ಟರೆ ಹಿಂದಿನದಕ್ಕೆ ವಿರುದ್ಧ ಹೆಜ್ಜೆ ಇಡುತ್ತಾರೆ. ಟಿಕೆಟ್ ಬುಕಿಂಗ್‌ಗೆ ಇದು ಒಗ್ಗುತ್ತದೆ. ಆದರೆ ಅರ್ಧ ಮುಗಿದ ಸ್ಥಿತಿ ನಡುವೆ ಹೊರಗಿನವರ ಕಣ್ಣಿಗೆ ಬೀಳುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಹಂತ 7: ಬೇಕಂತಲೇ ಕೆಡಿಸಿ ನೋಡಿ

ಎಲ್ಲ ಸರಿಯಿದ್ದಾಗ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಪ್ರತಿ ಎರಡು ಮೆಸೇಜ್‌ಗಳ ನಡುವೆ ಸಂಯೋಜಕವನ್ನು ಕೊಂದು, ಮತ್ತೆ ಎಬ್ಬಿಸಿ. ಒಂದು ಮೆಸೇಜ್ ನುಂಗಿ, ಇನ್ನೊಂದನ್ನು ಎರಡು ಸಲ ಕಳಿಸಿ. ಪ್ರತಿ ಸಲವೂ ಎಲ್ಲ ವರ್ಗಾವಣೆ ಇತ್ಯರ್ಥವಾಗುವವರೆಗೆ ಬಿಟ್ಟು, ಆಮೇಲೆ ಎರಡು ಸಂಗತಿ ನೋಡಿ: ಎರಡೂ ಖಾತೆಗಳ ಒಟ್ಟು ಮೊತ್ತ ಮೊದಲಿನಷ್ಟೇ ಇದೆಯಾ, ತಡೆಹಿಡಿದ ಮೊತ್ತ ಸೊನ್ನೆಗೆ ಬಂದಿದೆಯಾ.