ಜಿಎನ್‌ಎಂ ನಂತರ ಬಿ.ಎಸ್ಸಿ. ನರ್ಸಿಂಗ್: ಸೀಟಿಗಿಂತ ಮೊದಲು ಕಾಗದಪತ್ರ

ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಮುಗಿಸಿ ಮೈಸೂರು, ಮಂಡ್ಯದ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿರುವವರು ಪದವಿ ಪಡೆಯಲು ಇರುವ ನೇರ ದಾರಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ಅವಧಿ ಎರಡು ವರ್ಷ. ವಿಚಾರಿಸುವಾಗ ಕೋರ್ಸಿನ ಹೆಸರನ್ನು ಪೂರ್ತಿ ಹೇಳಿ. ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ (ಕ್ರಿಟಿಕಲ್ ಕೇರ್, ಆಪರೇಷನ್ ಥಿಯೇಟರ್ ಇತ್ಯಾದಿ) ಒಂದು ವಿಭಾಗದ ವಿಶೇಷ ತರಬೇತಿಯಷ್ಟೇ, ಪದವಿಯಲ್ಲ.

ಅರ್ಹತೆಗೆ ಮೂರು ಬೇಕು: ಪಿಯುಸಿ ಅಥವಾ ತತ್ಸಮಾನ, ಜಿಎನ್‌ಎಂ ಡಿಪ್ಲೊಮಾ, ನರ್ಸ್ ಹಾಗೂ ಮಿಡ್‌ವೈಫ್ ಆಗಿ ನೋಂದಣಿ. ಕೇರಳದಲ್ಲೋ ತಮಿಳುನಾಡಿನಲ್ಲೋ ನೋಂದಣಿಯಾಗಿದ್ದರೆ ಅಲ್ಲಿನ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ತಂದು ಕರ್ನಾಟಕ ರಾಜ್ಯ ಶುಶ್ರೂಷಾ ಕೌನ್ಸಿಲ್‌ನಲ್ಲಿ ಹೆಸರು ಸೇರಿಸಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಪ್ರವೇಶ ಪ್ರಕಟಣೆ ಬಂದ ಮೇಲೆ ಶುರು ಮಾಡಿದರೆ ಆ ವರ್ಷ ಕೈತಪ್ಪಿದಂತೆಯೇ.

ಈಗ ಕಾಗದಪತ್ರ. ಹೆಚ್ಚಿನ ಅರ್ಜಿಗಳು ಸಿಕ್ಕಿಬೀಳುವುದು ಇಲ್ಲೇ. ಎಸ್ಸೆಸ್ಸೆಲ್ಸಿ, ಪಿಯುಸಿ, ಜಿಎನ್‌ಎಂನ ಎಲ್ಲ ವರ್ಷಗಳ ಅಂಕಪಟ್ಟಿ, ಡಿಪ್ಲೊಮಾ, ಕೌನ್ಸಿಲ್ ಪ್ರಮಾಣಪತ್ರ, ಟಿ.ಸಿ., ಆಧಾರ್ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್ ಮಾತ್ರ, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಮದುವೆಯಾದ ಮೇಲೆ ಮಾಡಿಸಿದ ಬ್ಯಾಂಕ್ ಖಾತೆಯಲ್ಲಿ ಗಂಡನ ಹೆಸರು: ಹೀಗಿರುವವರೇ ಜಾಸ್ತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಆಧಾರ್ ಮತ್ತು ಖಾತೆಯನ್ನು ಅದಕ್ಕೆ ಹೊಂದಿಸಿ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೂ ಆಧಾರ್ ಜೋಡಣೆಯಾದ ಖಾತೆ, ಜಾತಿ-ಆದಾಯ ಪತ್ರದ ಆರ್‌.ಡಿ. ಸಂಖ್ಯೆ ಕೇಳುತ್ತಾರೆ.

ಕೆಲವು ಖಾಸಗಿ ಆಸ್ಪತ್ರೆಗಳು ಕೆಲಸಕ್ಕೆ ಸೇರುವಾಗ ಮೂಲ ಪ್ರಮಾಣಪತ್ರ ಇಟ್ಟುಕೊಂಡಿರುತ್ತವೆ. ಜಗಳವಾಡಿ ಎದ್ದು ಬರುವ ಬದಲು ಲಿಖಿತ ನೋಟಿಸ್ ಕೊಟ್ಟು, ಅವಧಿ ಮುಗಿಸಿ, ಮೂಲಪತ್ರಗಳ ಜೊತೆ ರಿಲೀವಿಂಗ್ ಪತ್ರ ಮತ್ತು ಅನುಭವ ಪತ್ರ ಪಡೆಯಿರಿ. ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ ಇರಲಿ. ಸರ್ಕಾರಿ ನೌಕರರು ಇಲಾಖೆಯ ಲಿಖಿತ ಅನುಮತಿ ಕೈಗೆ ಬರುವವರೆಗೆ ಫೀಸು ಕಟ್ಟಬಾರದು.

ಕಾಲೇಜು ನೋಡುವಾಗ ಕಟ್ಟಡ ನೋಡಬೇಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಪೋಸ್ಟ್ ಬೇಸಿಕ್ ಕೋರ್ಸಿಗೇ ಇದೆಯೇ, ಈ ವರ್ಷಕ್ಕೆ ಎಷ್ಟು ಸೀಟು, ರಾಜ್ಯ ಕೌನ್ಸಿಲ್ ಮತ್ತು ಭಾರತೀಯ ಶುಶ್ರೂಷಾ ಪರಿಷತ್ತಿನ ಪಟ್ಟಿಯಲ್ಲಿ ಹೆಸರಿದೆಯೇ ಎಂದು ನೋಡಿ. ನಾಲ್ಕು ವರ್ಷದ ಬಿ.ಎಸ್ಸಿ.ಗೆ ಇರುವ ಅನುಮತಿ ಇದಕ್ಕೆ ಸಲ್ಲುವುದಿಲ್ಲ. ಕ್ಲಿನಿಕಲ್ ಪೋಸ್ಟಿಂಗ್ ಎಲ್ಲಿ ಎಂದೂ ಕೇಳಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ತುಂಬಿದ ವಾರ್ಡುಗಳಲ್ಲಿ ಸಿಗುವ ಕಲಿಕೆ ಖಾಲಿ ಹಾಸಿಗೆಗಳ ಮಧ್ಯೆ ಸಿಗದು.

‘ಬರದಿದ್ದರೂ ನಡೆಯುತ್ತೆ ಸಿಸ್ಟರ್, ಪರೀಕ್ಷೆಗೆ ಬಂದರೆ ಸಾಕು’ ಎನ್ನುವ ಏಜೆಂಟರಿಂದ ದೂರವಿರಿ. ಪಠ್ಯಕ್ರಮದ ಪ್ರಕಾರ ಪರೀಕ್ಷೆಗೆ ಕೂರಲು ಶೇ 80 ಹಾಜರಿ ಬೇಕು. ಪದವಿ ಸಿಗುವ ಮೊದಲು ಕ್ಲಿನಿಕಲ್ ಅವಧಿ ಶೇ 100 ಪೂರ್ತಿಯಾಗಿರಬೇಕು. ಹೆರಿಗೆ, ಮಕ್ಕಳು, ಸಮುದಾಯ, ಮಾನಸಿಕ ಆರೋಗ್ಯ ಒಂದೊಂದಕ್ಕೂ 240 ಗಂಟೆ ಪ್ರಾಯೋಗಿಕ, ಮೆಡಿಕಲ್-ಸರ್ಜಿಕಲ್‌ಗೆ 270. ದಿನಕ್ಕೆ 8 ಗಂಟೆ ಲೆಕ್ಕ ಹಾಕಿದರೂ 240 ಎಂದರೆ 30 ಪೂರ್ತಿ ದಿನ. ಇನ್ನೂ ದೊಡ್ಡ ಅಪಾಯ ದಿನಾಂಕಗಳದ್ದು. ಓದಿನ ಅವಧಿಯಲ್ಲೇ ಪೂರ್ಣಾವಧಿ ಡ್ಯೂಟಿ ಮಾಡಿದ ಅನುಭವ ಪತ್ರವಿದ್ದರೆ, ಮುಂದೆ ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಎರಡೂ ಒಂದರ ಮೇಲೊಂದು ಬಿದ್ದು, ಪದವಿ ಮತ್ತು ಅನುಭವ ಎರಡರ ಮೇಲೂ ಅನುಮಾನ ಬರುತ್ತದೆ. ಸಂಬಳವಿಲ್ಲದ ಎರಡು ವರ್ಷಕ್ಕೆ ಹಣ ಹೊಂದಿಸಿಕೊಂಡೇ ಸೇರುವುದು ಒಳ್ಳೆಯದು.

ಓದಿನಲ್ಲಿ ವಾರ್ಡಿನ ವಿಷಯಗಳು ಕಷ್ಟವಾಗುವುದಿಲ್ಲ. ಎಡವುವುದು ಮೊದಲ ವರ್ಷದ ಬಯೋಕೆಮಿಸ್ಟ್ರಿ-ಬಯೋಫಿಸಿಕ್ಸ್, ಮೈಕ್ರೋಬಯಾಲಜಿಯಲ್ಲಿ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರಿಗಂತೂ ಖಂಡಿತ. ಸೇರುವ ಮುಂಚಿನ ಬಿಡುವಿನಲ್ಲಿ ಪಿಯುಸಿ ರಸಾಯನಶಾಸ್ತ್ರದ ಆಮ್ಲ-ಪ್ರತ್ಯಾಮ್ಲ, ಕಾರ್ಬೊಹೈಡ್ರೇಟ್, ಪ್ರೋಟೀನ್ ಪಾಠಗಳನ್ನು ಓದಿಕೊಳ್ಳಿ. ಎರಡನೇ ವರ್ಷ ಸಂಶೋಧನೆ ಮತ್ತು ಸಂಖ್ಯಾಶಾಸ್ತ್ರ ಬರುತ್ತದೆ. ಸರಾಸರಿ, ಮಧ್ಯಾಂಕ, ಮಾನಕ ವಿಚಲನೆಯನ್ನು ಕೈಯಲ್ಲಿ ಲೆಕ್ಕ ಮಾಡಿ ಕಲಿತರೆ ಭಯವಿಲ್ಲ. ಥಿಯರಿ, ಪ್ರಾಯೋಗಿಕ ಎರಡರಲ್ಲೂ ಪ್ರತ್ಯೇಕವಾಗಿ ಶೇ 50 ಬೇಕು. ಒಂದರಲ್ಲಿ ಫೇಲಾದರೆ ಎರಡನ್ನೂ ಮತ್ತೆ ಬರೆಯಬೇಕು.

ಫಲಿತಾಂಶ ಬಂದ ಮೇಲೆ ಬಹಳ ಮಂದಿ ಮರೆಯುವ ಕೆಲಸ: ರಾಜ್ಯ ಕೌನ್ಸಿಲ್‌ನಲ್ಲಿ ಹೆಚ್ಚುವರಿ ವಿದ್ಯಾರ್ಹತೆ ನೋಂದಣಿ. ಅದಿಲ್ಲದಿದ್ದರೆ ಕೌನ್ಸಿಲ್ ದಾಖಲೆಯಲ್ಲಿ ನೀವು ಇನ್ನೂ ಜಿಎನ್‌ಎಂ. ಏಮ್ಸ್‌ನ ನಾರ್ಸೆಟ್‌ (ನರ್ಸಿಂಗ್ ಆಫೀಸರ್ ನೇಮಕಾತಿ ಪರೀಕ್ಷೆ) ಬರೆಯಲು ಜಿಎನ್‌ಎಂನವರು ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ತೋರಿಸಬೇಕು. ಪೋಸ್ಟ್ ಬೇಸಿಕ್ ಪದವೀಧರರಿಗೆ ಆ ಷರತ್ತಿಲ್ಲ. ಎಂ.ಎಸ್ಸಿ.ಗೆ ಒಟ್ಟಾರೆ ಶೇ 55 ಅಂಕ, ಜೊತೆಗೆ ಒಂದು ವರ್ಷದ ಸೇವೆ ಬೇಕು. ಆ ಸೇವೆ ಪೋಸ್ಟ್ ಬೇಸಿಕ್‌ಗೆ ಮುಂಚಿನದಾದರೂ ಸಲ್ಲುತ್ತದೆ, ಹಾಗಾಗಿ ಹಳೆಯ ಅನುಭವ ಪತ್ರವನ್ನು ಜೋಪಾನವಾಗಿಡಿ.