ಕೈಯಲ್ಲಿರುವ ಕಸುಬನ್ನೇ ಸೇವೆಗೆ ಹಚ್ಚುವುದು ಹೇಗೆ

ಕ್ರೈಸ್ತ ಸಭೆಯಲ್ಲಿ ಸೇವೆ ಎಂದ ಕೂಡಲೇ ಹಾಡುವವರು, ಪ್ರಸಂಗ ಮಾಡುವವರು ಮುಂದೆ ಬರುತ್ತಾರೆ. ಹೊಲಿಗೆ ಬಲ್ಲವರು, ವೈರಿಂಗ್ ಕೆಲಸದವರು, ನಿವೃತ್ತ ಗುಮಾಸ್ತರು, ನರ್ಸ್‌ಗಳು ತಮ್ಮ ಹತ್ತಿರ ಏನಿದೆ ಎಂದು ಹಿಂದೆಯೇ ಕೂರುತ್ತಾರೆ. ಬೈಬಲಿನಲ್ಲಿ ಹಾಗಿಲ್ಲ. ಯೊಪ್ಪ ಊರಿನ ದೊರ್ಕಳು ತೀರಿಕೊಂಡಾಗ ವಿಧವೆಯರು ಅಳುತ್ತಾ ಯೇಸುವಿನ ಶಿಷ್ಯ ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನು. ಯೆರೂಸಲೇಮಿನಲ್ಲಿ ಕೆಲವು ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂದಾಗ, ಬಡಿಸುವ ಕೆಲಸಕ್ಕೇ ಏಳು ಮಂದಿಯನ್ನು ಆರಿಸಿ, ಅವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, ಇದೇ ದಾರಿಯದು: ಕಲಿತ ವೈದ್ಯವೇ ವಿಶ್ವಾಸದ ಕೆಲಸವಾಯಿತು.

ನಿಮ್ಮ ವರ, ಅಂದರೆ ದೇವರು ನಿಮಗೆ ಕೊಟ್ಟ ಸಾಮರ್ಥ್ಯ, ಯಾವುದು ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ನೆರೆಹೊರೆಯವರು ಯಾವ ಕೆಲಸ ಬಿದ್ದಾಗ ನಿಮ್ಮ ಬಾಗಿಲು ತಟ್ಟುತ್ತಾರೆ? ಅದನ್ನು ಬಿಟ್ಟು ಬೇರೇನನ್ನೋ ಹೊಸದಾಗಿ ಕಲಿತು ಶುರು ಮಾಡುವವರು ಬೇಗ ಸೋಲುತ್ತಾರೆ. ಆಮೇಲೆ ಯಾರಿಗೆ ಏನು ಬೇಕು ಎಂದು ಕೇಳಿ. ಊಹಿಸಬೇಡಿ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರು, ಈ ಮೂವರನ್ನು ಕಂಡರೆ ಬೀದಿಯ ಕಷ್ಟ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಸಭಾಪಾಲಕರಿಗೂ ತಿಳಿಸಿ. ನಂತರ ಅಳತೆ ಇಟ್ಟುಕೊಳ್ಳಿ: ತಿಂಗಳಿಗೆ ಎರಡು ಸಲ, ಸಲಕ್ಕೆ ಎರಡು ಗಂಟೆ, ಆರು ತಿಂಗಳು. ವಾರವಿಡೀ ಬರುತ್ತೇವೆಂದು ಮಾತು ಕೊಟ್ಟು ಮೂರನೇ ವಾರ ತಪ್ಪಿಸಿಕೊಂಡರೆ ಆ ಮನೆಯವರು ಮುಂದೆ ಯಾರನ್ನೂ ನಂಬುವುದಿಲ್ಲ.

ಹೊಲಿಗೆ ಬಲ್ಲವರಿಗೆ

ಮೇ ತಿಂಗಳ ಮೂರನೇ ವಾರ, ಶಾಲೆ ತೆರೆಯುವ ಮುಂಚೆ, ಸಭೆಯ ಹಾಲ್‌ನಲ್ಲಿ ಯೂನಿಫಾರಂ ದುರಸ್ತಿ ಇಟ್ಟುಕೊಳ್ಳಿ. ಎರಡು ಮೆಷಿನ್, ಅಂಗಿಗೆ 14 ನಂಬರ್ ಸೂಜಿ, ಪ್ಯಾಂಟಿಗೆ 16, ಬಿಳಿ, ನೀಲಿ, ಖಾಕಿ ದಾರ, ನಾಲ್ಕು ತೂತಿನ ಗುಂಡಿ, ಜಿಪ್, ಎಲಾಸ್ಟಿಕ್, ಇಸ್ತ್ರಿಪೆಟ್ಟಿಗೆ. ಒಗೆದ ಬಟ್ಟೆ ಮಾತ್ರ ತರಲು ಮೊದಲೇ ಹೇಳಿ. ಪ್ರತಿ ಬಟ್ಟೆಗೂ ಹೆಸರು, ತರಗತಿ ಬರೆದ ಚೀಟಿಯನ್ನು ಪಿನ್ ಮಾಡಿ. ಇದೊಂದು ತಪ್ಪಿದರೆ ಸಂಜೆ ಒಂದೇ ಬಣ್ಣದ ನಲವತ್ತು ಅಂಗಿಗಳ ಮುಂದೆ ತಾಯಂದಿರು ಹುಡುಕಾಡುತ್ತಾರೆ.

ಗುಂಡಿ ಕಿತ್ತುಬರುವುದು ಎಷ್ಟೋ ಸಲ ಬಿಗಿಯಾಗಿ ಹೊಲಿದದ್ದರಿಂದ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು ಅದರ ಮೇಲಿಂದ ದಾರ ಹಾಯಿಸಿ. ಕಡ್ಡಿ ಎಳೆದು ಗುಂಡಿಯನ್ನು ಮೇಲೆತ್ತಿದರೆ ಬಟ್ಟೆಗೂ ಗುಂಡಿಗೂ ನಡುವೆ ಸಡಿಲ ದಾರ ಉಳಿಯುತ್ತದೆ. ಅದಕ್ಕೆ ದಾರವನ್ನು ಮೂರು ನಾಲ್ಕು ಸುತ್ತು ಸುತ್ತಿ ಗಂಟು ಹಾಕಿ. ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡಿದಾಗ ಹಳೆಯ ಗೆರೆ ಕಾಣುತ್ತದೆ, ಮಗು ಅದಕ್ಕೇ ನಾಚುತ್ತದೆ. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಿ. ಹೋಗದಿದ್ದರೆ ಅದೇ ಬಣ್ಣದ ಪಟ್ಟಿಯೊಂದನ್ನು ಗೆರೆಯ ಮೇಲೆ ಹೊಲಿದುಬಿಡಿ.

ರೋಗಿಯ ಬಳಿ ಕೂರಬಲ್ಲವರಿಗೆ

ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಹೆಚ್ಚು ದಣಿದಿರುವವರು ನೋಡಿಕೊಳ್ಳುವ ಸೊಸೆ ಅಥವಾ ಮಗಳು. ಆಕೆಗೆ ಎರಡು ಗಂಟೆ ನಿದ್ದೆ ಸಿಗುವಂತೆ ನೀವು ಕೂರುವುದು ಹಣ್ಣಿನ ಬುಟ್ಟಿಗಿಂತ ದೊಡ್ಡದು. ಔಷಧಿಯ ಹೊತ್ತು, ಫೋನ್ ನಂಬರ್ ಮೊದಲೇ ಬರೆಸಿಕೊಳ್ಳಿ. ತಾನೇ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹಿಮ್ಮಡಿ, ಸೊಂಟ, ಬೆನ್ನಿನ ಕೆಳತುದಿ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗಲೂ ಬಣ್ಣ ಬದಲಾಗದಿದ್ದರೆ ಹಾಸಿಗೆ ಹುಣ್ಣಿನ ಆರಂಭ. ಅಲ್ಲಿ ತಿಕ್ಕಬೇಡಿ, ಮನೆಯವರಿಗೂ ನರ್ಸಮ್ಮನಿಗೂ ಹೇಳಿ.

ರಾಗಿ ಗಂಜಿ ಕುಡಿಸುವುದಾದರೆ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿ, ಗದ್ದ ತುಸು ಕೆಳಗಿರಲಿ, ಅರ್ಧ ಚಮಚದಂತೆ ಕೊಡಿ, ನುಂಗಿದ್ದು ಖಾತ್ರಿಯಾದ ಮೇಲೇ ಮುಂದಿನದು. ಊಟವಾದ ಮೇಲೂ ಅರ್ಧ ಗಂಟೆ ಕೂತಿರಲಿ. ನೀರು ಕುಡಿಯುವಾಗ ಕೆಮ್ಮಿದರೆ, ದನಿ ಗೊರಗೊರ ಎಂದರೆ ನಿಲ್ಲಿಸಿ, ವೈದ್ಯರಿಗೆ ತಿಳಿಸುವವರೆಗೆ ಮತ್ತೆ ಕುಡಿಸಬೇಡಿ. ಮಲಗಿದ್ದವರ ಬಾಯಿಗೆ ನೀರು ಹಾಕುವುದು ಪ್ರೀತಿಯಿಂದಲೇ ನಡೆಯುವ ಅಪಾಯ. ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಕಾಗದಪತ್ರ ಬಲ್ಲವರಿಗೆ

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಈ ಸೇವೆಗೆ ಬೇಡಿಕೆ ಹೆಚ್ಚು. ವೃದ್ಧಾಪ್ಯ ವೇತನ, ವಿಧವಾ ವೇತನದ ಅರ್ಜಿ ನಾಡಕಚೇರಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು ಬಹುಪಾಲು ಹೆಸರಿನಿಂದ. ಆಧಾರ್‌ನಲ್ಲಿ ಒಂದು, ಪಾಸ್‌ಬುಕ್‌ನಲ್ಲಿ ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮತ್ತೊಂದು. ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿದ ಮೇಲೇ ಅರ್ಜಿ ಬರೆಯಿರಿ. ವೇತನ ಮಂಜೂರಾದರೂ ಹಣ ಬಂದಿಲ್ಲವೆಂದರೆ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆ ಯಾವುದೆಂದು ಬ್ಯಾಂಕಿನಲ್ಲಿ ಕೇಳಿಸಿ. ಎಷ್ಟೋ ಸಲ ಹಣ ಮರೆತುಹೋದ ಇನ್ನೊಂದು ಖಾತೆಯಲ್ಲಿ ಬಿದ್ದಿರುತ್ತದೆ. ಅವರ ಓಟಿಪಿ, ಎಟಿಎಂ ಪಿನ್ ಕೇಳಬೇಡಿ, ದಾಖಲೆಯ ಫೋಟೋ ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಬೇಡಿ.

ಯಾವ ಸೇವೆಯಾದರೂ ಕೆಲವು ಕಟ್ಟುಪಾಡು ಬೇಕು. ಮಕ್ಕಳಿಗೆ ಪಾಠ ಹೇಳುವಲ್ಲಿ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ. ಹಣ ಮುಟ್ಟುವಾಗಲೂ ಇಬ್ಬರು, ಪುಸ್ತಕದಲ್ಲಿ ಇಬ್ಬರ ಸಹಿ. ಎಲ್ಲ ಧರ್ಮದವರಿಗೂ ಒಂದೇ ಸಾಲು. ಆರಾಧನೆಗೆ ಬನ್ನಿ ಎಂಬ ಷರತ್ತನ್ನು ಸಹಾಯಕ್ಕೆ ಕಟ್ಟಬೇಡಿ. ಪ್ರತಿಫಲ ಕೇಳಿದ ಕ್ಷಣ ಅದು ಸೇವೆಯಾಗಿ ಉಳಿಯುವುದಿಲ್ಲ. ಪ್ರಾರ್ಥಿಸಲೇ ಎಂದು ಕೇಳಬಹುದು, ಬೇಡವೆಂದರೆ ಅಲ್ಲಿಗೆ ಬಿಡಬೇಕು. ಕೊಡುವಾಗ ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕುವುದು ಬೇಡವೇ ಬೇಡ: ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಯೇಸು ಹೇಳಿದ್ದು ಪಡೆಯುವವರ ಮಾನವನ್ನೂ ಕಾಯುತ್ತದೆ.

ಆರು ತಿಂಗಳಾದ ಮೇಲೆ ಮುಂದುವರಿಸಲು ಆಗದಿದ್ದರೆ ಎರಡು ವಾರ ಮುಂಚೆ ಆ ಮನೆಯವರಿಗೆ ಹೇಳಿ. ಬದಲಿಗೆ ಬರುವವರನ್ನು ಒಮ್ಮೆ ಜೊತೆಗೆ ಕರೆದೊಯ್ಯಿರಿ. ಔಷಧಿಯ ಹೊತ್ತು, ಅರ್ಜಿಯ ನಂಬರ್, ಬಾಕಿ ಕೆಲಸ ಬರೆದ ಪುಸ್ತಕವನ್ನು ಮನೆಯವರ ಎದುರಿಗೇ ಆ ಹೊಸಬರ ಕೈಗೆ ಕೊಡಿ.